ಮಗಳಿಗೆ ಮೊದಲು ನೀವೇ ಹೇಳಿ

ಪತ್ರದ ಸಾರಾಂಶ: ನನಗೆ 39 ವರ್ಷ. 2021ರ ಮೇ ತಿಂಗಳಲ್ಲಿ, ಕೊರೊನಾ ಎರಡನೇ ಅಲೆಯಲ್ಲಿ ನಮ್ಮ ಯಜಮಾನರು ತೀರಿಕೊಂಡರು. ಮಗಳು ಎಂಟನೇ ಕ್ಲಾಸು. ಅತ್ತೆ ನಮ್ಮ ಜೊತೆಗೇ ಇದ್ದಾರೆ. ನಮ್ಮ ಆಫೀಸಿನ ಒಬ್ಬರ ಜೊತೆ ಸ್ನೇಹ ಬೆಳೆದಿದೆ. ಅವರ ಹೆಂಡತಿಯೂ ತೀರಿಕೊಂಡಿದ್ದಾರೆ. ಮಗ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ, ಅವನಿಗೆ ವಿಷಯ ಗೊತ್ತು. ಮದುವೆಯಾಗೋಣ ಅನ್ನುತ್ತಿದ್ದಾರೆ. ಬೆಳೆದ ಮಗಳನ್ನು ಇಟ್ಟುಕೊಂಡು ಹೀಗೆ ಯೋಚಿಸುವುದು ತಪ್ಪಾ? ಮನೆ ಯಜಮಾನರ ಹೆಸರಲ್ಲಿದೆ. ಮರುಮದುವೆಯಾದರೆ ಅದೂ ಕೈತಪ್ಪುತ್ತದಾ?
– ಹೆಸರು ಬೇಡ, ದಾವಣಗೆರೆ

ಸಹೋದರಿ,

ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದನ್ನು ನೀವು ನೆಮ್ಮದಿಯಿಂದ ಓದಬಹುದು.

"ಬೆಳೆದ ಮಗಳನ್ನು ಇಟ್ಟುಕೊಂಡು" ಎಂದು ಬರೆದಿದ್ದೀರಿ. ಇದು ನಿಮ್ಮ ಮಾತಲ್ಲ, ಯಾರದೋ ಬಾಯಿಂದ ಕೇಳಿದ್ದು ಅನ್ನಿಸಿತು. ನಮ್ಮಲ್ಲಿ ಹೆಂಡತಿ ಸತ್ತ ಗಂಡಸಿಗೆ ವರ್ಷ ತುಂಬುವ ಮೊದಲೇ ನೆಂಟರು ಹೆಣ್ಣು ಹುಡುಕಲು ಶುರು ಮಾಡುತ್ತಾರೆ. ಕಾರಣ ಕೇಳಿದರೆ "ಪಾಪ, ಚಿಕ್ಕ ಮಕ್ಕಳಿವೆ, ನೋಡ್ಕೊಳ್ಳೋರು ಬೇಡ್ವಾ?" ಅನ್ನುತ್ತಾರೆ. ಗಂಡ ಸತ್ತ ಹೆಂಗಸಿಗೆ ಅದೇ ಜನ ಹೇಳುವುದು, "ಮಗು ಇದೆಯಲ್ಲ, ಇನ್ನೇನು ಬೇಕು?" ಅಂತ. ಅವನು ಮದುವೆಯಾಗೋದಕ್ಕೂ ಮಗುವೇ ಕಾರಣ, ಇವಳು ಆಗಬಾರದು ಅನ್ನೋದಕ್ಕೂ ಮಗುವೇ ಕಾರಣ. ಈ ಲೆಕ್ಕ ಹಾಕಿದವರ ಒಪ್ಪಿಗೆಗೆ ನೀವು ಕಾಯಬೇಕಾಗಿಲ್ಲ.

"ನಮ್ಮ ಕಡೆ ಇದೆಲ್ಲ ಇಲ್ಲ" ಅಂತಲೂ ಯಾರಾದರೂ ಹೇಳುತ್ತಾರೆ, ನೋಡುತ್ತಿರಿ. ಇಲ್ಲದೆ ಏನು? ಉತ್ತರ ಕರ್ನಾಟಕದ ಎಷ್ಟೋ ಸಮುದಾಯಗಳಲ್ಲಿ ಉಡಕಿ ಇತ್ತು. ಹಳೇ ಮೈಸೂರಿನ ಕಡೆ ಕೂಡಿಕೆ ಅನ್ನುತ್ತಿದ್ದರು. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಬ್ಬನ ಜೊತೆ ಸಂಸಾರ ಹೂಡಿಸುವ ಪದ್ಧತಿ ಅದು. ಹೊಗಳಿ ಅಟ್ಟಕ್ಕೇರಿಸುವಂಥದ್ದೇನಲ್ಲ. ಸಾಮಾನ್ಯವಾಗಿ ಅದು ರಾತ್ರಿ ಹೊತ್ತು ಮುಗಿದುಹೋಗುತ್ತಿತ್ತು. ಮುತ್ತೈದೆಯರು ದೂರವೇ ಉಳಿಯುತ್ತಿದ್ದರು. ಎಷ್ಟೋ ಕಡೆ ಮೊದಲ ಗಂಡನ ಮಕ್ಕಳು ಅವನ ಮನೆಯವರಿಗೇ ಸೇರುತ್ತಿದ್ದರು. ಕಾನೂನೂ ಅದೇ ದಾರಿಯಲ್ಲಿತ್ತು. 1856ರಲ್ಲಿ ಬ್ರಿಟಿಷ್ ಸರ್ಕಾರ ವಿಧವಾ ವಿವಾಹಕ್ಕೆ ಮಾನ್ಯತೆ ಕೊಟ್ಟಿತು, ಸರಿ. ಆದರೆ ಅದೇ ಕಾಯ್ದೆಯಲ್ಲಿ ಒಂದು ಷರತ್ತಿತ್ತು: ಮರುಮದುವೆಯಾದ ಕೂಡಲೇ ಮೊದಲ ಗಂಡನ ಆಸ್ತಿಯ ಮೇಲೆ ಅವಳಿಗಿದ್ದ ಹಕ್ಕು, ಅವಳು ಆ ದಿನವೇ ಸತ್ತಳೋ ಎಂಬಂತೆ, ಮುಗಿದುಹೋಗುತ್ತದೆ. ಮನೆ ಕೈತಪ್ಪುತ್ತದೆ ಅನ್ನುವ ನಿಮ್ಮ ಹೆದರಿಕೆಯ ಬೇರು ಇಷ್ಟು ಹಳೆಯದು.

ಈಗ ಹಾಗಿಲ್ಲ. ಅದು ಅವರೇ ದುಡಿದು ಕಟ್ಟಿಸಿದ ಮನೆ, ವಿಲ್ ಬರೆದಿಲ್ಲ ಎಂದು ತಿಳಿಸಿದ್ದೀರಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅದರಲ್ಲಿ ಅವರ ತಾಯಿಗೆ, ನಿಮಗೆ, ಮಗಳಿಗೆ ಮೂರು ಸಮ ಪಾಲು. ನಿಮ್ಮ ಪಾಲು ಅವರು ಹೋದ ದಿನವೇ ನಿಮ್ಮದಾಯಿತು. ನಾಳೆ ನೀವು ಮದುವೆಯಾದರೂ ಅದನ್ನು ಯಾರೂ ಕಿತ್ತುಕೊಳ್ಳುವ ಹಾಗಿಲ್ಲ. ಮಗಳ ಪಾಲನ್ನು ಅವಳಿಗೆ 18 ತುಂಬುವವರೆಗೆ ಕೋರ್ಟಿನ ಅನುಮತಿ ಇಲ್ಲದೆ ಮಾರಲು ನಿಮಗೂ ಬರುವುದಿಲ್ಲ. ಖಾತೆ ಇನ್ನೂ ಅವರ ಹೆಸರಲ್ಲೇ ಇದ್ದರೆ ವಂಶವೃಕ್ಷ ಮಾಡಿಸಿ, ಮೂವರ ಹೆಸರಿಗೂ ಬದಲಾಯಿಸಿ. ಮದುವೆಗೆ ಮುಂಚೆಯೇ ಮಾಡಿ. ಆಮೇಲೆ ಮಾಡಿದರೆ ಅದಕ್ಕೆ ಬೇರೆ ಅರ್ಥ ಕಟ್ಟುವವರು ಇರುತ್ತಾರೆ.

ಕೈತಪ್ಪುವುದು ಒಂದೇ. ಅವರ ಪಿಎಫ್ ಕಡೆಯಿಂದ ನಿಮಗೆ ಬರುತ್ತಿರುವ ವಿಧವಾ ಪಿಂಚಣಿ ಮರುಮದುವೆಯಾದರೆ ನಿಲ್ಲುತ್ತದೆ. ಮಗಳ ಪಿಂಚಣಿ ಅವಳಿಗೆ 25 ಆಗುವವರೆಗೂ ನಡೆಯುತ್ತದೆ. ಪಿಂಚಣಿ ಉಳಿಸಿಕೊಳ್ಳೋಣ ಅಂತ ಮದುವೆಯನ್ನೇ ಮುಚ್ಚಿಟ್ಟು ಬದುಕುವವರಿದ್ದಾರೆ. ದಯವಿಟ್ಟು ಅದು ಬೇಡ.

ಇನ್ನು ಮಗಳ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಬೈಕ್. ಅಪ್ಪನ ಬೈಕ್ ಮಾರಲು ಅವಳು ಬಿಟ್ಟಿಲ್ಲ. ಭಾನುವಾರ ಬೆಳಿಗ್ಗೆ ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಕಿಕ್ ಹೊಡೆದು, ಐದು ನಿಮಿಷ ಓಡಿಸಿ ಆಫ್ ಮಾಡುತ್ತಾಳೆ. ಬ್ಯಾಟರಿ ಸಾಯಬಾರದು ಅಂತ ಹೇಳುತ್ತಾಳೆ, ಅಲ್ವಾ? ಆ ವರ್ಷ ಆಸ್ಪತ್ರೆಗೆ ಹೋದ ಎಷ್ಟೋ ಅಪ್ಪಂದಿರನ್ನು ಮಕ್ಕಳು ಮತ್ತೆ ನೋಡಲೇ ಇಲ್ಲ. ಮುಖ ನೋಡುವುದಕ್ಕೂ ಬಿಡಲಿಲ್ಲ. ನಿಮ್ಮ ಮಗಳೂ ನೋಡಿಲ್ಲ. ಹಾಗಾಗಿ ಆ ಬೈಕಿನ ತಂಟೆಗೆ ನಿಮ್ಮ ಸ್ನೇಹಿತರು ಹೋಗಬಾರದು. ಒಳ್ಳೆ ಮನಸ್ಸಿನಿಂದಲೇ "ಸರ್ವಿಸ್ ಮಾಡಿಸಿ ತರಲಾ?" ಅಂತ ಕೇಳಬಹುದು. ಬೇಡ ಅನ್ನಿ.

ಅವರು ತಮ್ಮ ಮಗನಿಗೆ ಹೇಳಿದ್ದಾರೆ. ನೀವು ಮಗಳಿಗೆ ಹೇಳಿಲ್ಲ. ಅಡಚಣೆ ಇರುವುದು ಇಲ್ಲೇ. ಹದಿಮೂರು ವರ್ಷದ ಹುಡುಗಿಗೆ ಏನೂ ಗೊತ್ತಿಲ್ಲ ಅಂದುಕೊಂಡಿದ್ದರೆ ಆ ನಂಬಿಕೆ ಬಿಡಿ. ನಿಮ್ಮ ಫೋನ್ ಅವಳ ಕೈಯಲ್ಲೂ ಇರುತ್ತದೆ. ಪಕ್ಕದ ಮನೆಯವರಿಂದಲೋ ಟ್ಯೂಷನ್ನಿನ ಗೆಳತಿಯಿಂದಲೋ ಕೇಳಿದರೆ ಅವಳಿಗೆ ಸಿಟ್ಟು ಬರುವುದು ಆ ಗಂಡಸಿನ ಮೇಲಲ್ಲ, ನಿಮ್ಮ ಮೇಲೆ.

ಹೋಟೆಲಿಗೆ ಕರೆದುಕೊಂಡು ಹೋಗಿ, ಎದುರಿಗೆ ಅವರನ್ನೂ ಕೂರಿಸಿ, ಐಸ್‌ಕ್ರೀಮ್ ತರಿಸಿ ಹೇಳುವ ನಾಟಕ ಬೇಡ. ಮನೆಯಲ್ಲಿ, ನೀವಿಬ್ಬರೇ ಇದ್ದಾಗ ಹೇಳಿ. "ನಿನಗೆ ಒಪ್ಪಿಗೆನಾ?" ಅಂತ ಮಾತ್ರ ಕೇಳಬೇಡಿ. ಕೇಳಲು ಚೆನ್ನಾಗಿದೆ, ಆದರೆ ಅಮ್ಮನ ಬದುಕಿನ ತೀರ್ಮಾನವನ್ನು ಮಗುವಿನ ತಲೆ ಮೇಲೆ ಹೊರಿಸಿದ ಹಾಗೆ. ಬೇಡ ಅಂದರೆ ಪಾಪಪ್ರಜ್ಞೆ, ಹೂಂ ಅಂದರೆ ಅಪ್ಪನಿಗೆ ದ್ರೋಹ ಮಾಡಿದೆ ಅನ್ನುವ ಸಂಕಟ. ಇರುವುದನ್ನು ಇರುವ ಹಾಗೆ ಹೇಳಿ. ಇಂಥವರು ಇದ್ದಾರೆ, ನನಗೆ ಇಷ್ಟ, ಮದುವೆಯ ಮಾತು ಬಂದಿದೆ, ಮನೆ-ಸ್ಕೂಲು ಯಾವುದೂ ಇನ್ನೂ ನಿರ್ಧಾರ ಆಗಿಲ್ಲ ಅಂತ. ಬಾಗಿಲು ಹಾಕಿಕೊಂಡರೆ ಹಾಕಿಕೊಳ್ಳಲಿ. ಊಟದ ಹೊತ್ತಿಗೆ ಕರೆಯಿರಿ, ಆ ಮಾತು ಎತ್ತಬೇಡಿ.

ಅವಳು ಅವರನ್ನು ಅಪ್ಪ ಅನ್ನಬೇಕಾಗಿಲ್ಲ. ಅಂಕಲ್ ಸಾಕು. ಗೋಡೆಯ ಮೇಲಿನ ಫೋಟೊ ಅಲ್ಲೇ ಇರಲಿ. ಶಾಲೆಯ ದಾಖಲೆಯಲ್ಲಿ ಅಪ್ಪನ ಹೆಸರು, ಅವಳ ಇನಿಷಿಯಲ್ ಎರಡೂ ಹಾಗೇ ಉಳಿಯುತ್ತವೆ. ಇದನ್ನು ಬಾಯಿಬಿಟ್ಟು ಹೇಳಿ, ಮಕ್ಕಳಿಗೆ ಇಂಥ ಸಣ್ಣ ವಿಷಯದ ಭಯವೇ ಜಾಸ್ತಿ. ಕಾನೂನಿನಲ್ಲೂ ಮಲತಂದೆ ತಾನಾಗಿಯೇ ಪೋಷಕನಾಗುವುದಿಲ್ಲ. ಪೋಷಕರು ನೀವೇ. ಹಾಗೆಯೇ ಅವರ ಆಸ್ತಿಯಲ್ಲಿ ನಿಮ್ಮ ಮಗಳಿಗೆ ತಾನಾಗಿ ಪಾಲೂ ಬರುವುದಿಲ್ಲ. ಅವರಿಗೆ ಕೊಡುವ ಮನಸ್ಸಿದ್ದರೆ ವಿಲ್ ಬರೆಯಬೇಕು. ಅದನ್ನು ಅವರ ಮಗನಿಗೂ ತಿಳಿಸಿಯೇ ಬರೆಯಲಿ.

ಅತ್ತೆಯವರ ಬಗ್ಗೆ ಎರಡೇ ಸಾಲು ಬರೆದಿದ್ದೀರಿ. ನಿಮಗೆ ಫೋನ್ ಬಂದಾಗ ಅವರು ಟಿವಿ ಸೌಂಡ್ ಕಡಿಮೆ ಮಾಡುತ್ತಾರಂತೆ. ಅಂದರೆ ಅವರಿಗೆ ಗೊತ್ತು. ಮಗನನ್ನು ಕಳೆದುಕೊಂಡವರು ಅವರು. ಈಗ ಮೊಮ್ಮಗಳೂ ದೂರವಾದರೆ, ತನ್ನನ್ನು ಯಾರ ಮನೆಗಾದರೂ ಸಾಗಹಾಕಿದರೆ ಅನ್ನುವ ಭಯ ಇರುತ್ತದೆ. ಅವರು ಕೊಂಕು ಮಾತಾಡಿದರೂ ಅದರ ಹಿಂದೆ ಆ ಭಯವೇ ಇರುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ಮೂರನೇ ಒಂದು ಪಾಲು ನಿಮ್ಮದು ಅಂತ ಅವರಿಗೆ ಹೇಳಿ. ಅವರಿಗೇ ಗೊತ್ತಿಲ್ಲದೆ ಇರಬಹುದು. ಮದುವೆಯಾದ ಮೇಲೆ ಅತ್ತೆ ಎಲ್ಲಿರುತ್ತಾರೆ ಅಂತ ನಿಮ್ಮ ಸ್ನೇಹಿತರನ್ನು ಕೇಳಿದ್ದೀರಾ? ನಾಲ್ಕು ಪುಟದ ಪತ್ರದಲ್ಲಿ ಆ ಮಾತಿಲ್ಲ.

ಕೇಳಿ, ಮುಖ ನೋಡಿ. ಇನ್ನೊಂದನ್ನೂ ಗಮನಿಸಿ. ಮೇ ತಿಂಗಳಲ್ಲಿ ಯಜಮಾನರ ವರ್ಷದ ಕಾರ್ಯ ಬರುತ್ತದೆ. ಆ ದಿನ ನೀವು ಮಂಕಾಗಿರುತ್ತೀರಿ. ಮದುವೆಯಾದ ಮೇಲೂ ಇರುತ್ತೀರಿ. ಅದನ್ನು ಅವರು ತಮಗಾದ ಅವಮಾನ ಅಂದುಕೊಳ್ಳುತ್ತಾರಾ, ಇಲ್ಲ ಸುಮ್ನೆ ಬಾಳೆಎಲೆ ತಂದುಕೊಟ್ಟು ಹೋಗುತ್ತಾರಾ? ಹೆಂಡತಿಯನ್ನು ಕಳೆದುಕೊಂಡವರಿಗೆ ಇದು ಅರ್ಥವಾಗಬೇಕು. ಆದರೂ ಎಲ್ಲರಿಗೂ ಆಗುವುದಿಲ್ಲ.

ದೇವಸ್ಥಾನದಲ್ಲೋ ರಿಜಿಸ್ಟರೋ ಅಂತ ಕೊನೆಯಲ್ಲಿ ಕೇಳಿದ್ದೀರಿ. ದೇವಸ್ಥಾನದಲ್ಲಿ ಧಾರೆಯಾದರೆ ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ರಾತ್ರೋರಾತ್ರಿ ಬೇಡ, ಹಗಲು ಹೊತ್ತಿನಲ್ಲೇ ಆಗಲಿ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಾದರೆ ಮೊದಲು ನೋಟಿಸ್ ಕೊಡಬೇಕು. ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಾರೆ, 30 ದಿನ ಕಾಯಬೇಕು. ಮದುವೆಯ ದಿನ ಮೂವರು ಸಾಕ್ಷಿಗಳು ಬೇಕು. ನಿಮ್ಮ ಊರಿನಲ್ಲಿ ಆ ಬೋರ್ಡ್ ಓದುವ ಪರಿಚಯದವರು ಒಬ್ಬರಾದರೂ ಇದ್ದೇ ಇರುತ್ತಾರೆ. ಮಗಳ ವಾರ್ಷಿಕ ಪರೀಕ್ಷೆ ಮುಗಿಯಲಿ, ಅವಳ ಜೊತೆ ಮಾತಾಡಿ, ಅವಳಿಗೆ ಒಂದಷ್ಟು ದಿನ ಕೊಡಿ. ನೋಟಿಸ್ ಆಮೇಲೆ ಕೊಡಿ.

– ಸಂಪಾದಕ