ಮಳೆ ಜಾಸ್ತಿಯಾದರೆ ನೈಟ್ರೇಟ್ ಕಡಿಮೆಯಾಗುತ್ತದಾ?

ಪ್ರಶ್ನೆ: ಹೊಲದ ಬಸಿಗಾಲುವೆ ನೀರನ್ನು ಎರಡು ಸಲ ಪರೀಕ್ಷೆ ಮಾಡಿಸಿದೆ. ಬೇಸಿಗೆ ಕಳೆದು ಮೊದಲ ದೊಡ್ಡ ಮಳೆ ಬಿದ್ದಾಗ ಲೀಟರಿಗೆ 90 ಮಿಲಿಗ್ರಾಂ ನೈಟ್ರೇಟ್ ಇತ್ತು. ತಿಂಗಳಿಡೀ ಮಳೆ ಸುರಿದ ಮೇಲೆ 30ಕ್ಕೆ ಇಳಿದಿದೆ. ಅಂದರೆ ಜಾಸ್ತಿ ಮಳೆ ಒಳ್ಳೆಯದೇ ಅಲ್ವಾ?

ಉತ್ತರ: ಎರಡು ಸಲ ಪರೀಕ್ಷೆ ಮಾಡಿಸಿದ್ದಕ್ಕೆ ಮೊದಲು ಶಹಬ್ಬಾಸ್. ಹೆಚ್ಚಿನವರು ಒಂದೇ ಚೀಟಿ ಹಿಡಿದು ನನ್ನ ಹತ್ತಿರ ವಾದಕ್ಕೆ ಬರುತ್ತಾರೆ. ನೈಟ್ರೇಟ್ ಅಂದರೆ ಬೆಳೆ ಎಳೆದುಕೊಳ್ಳುವ, ನೀರಲ್ಲಿ ಕರಗುವ ಸಾರಜನಕದ ರೂಪ; ಅದು ಹರಿದುಹೋದರೆ ಗೊಬ್ಬರವೇ ಹೋದಂತೆ. ಆದರೆ ನಿಮ್ಮ ಲೆಕ್ಕದಲ್ಲಿ ಎಷ್ಟು ನೀರು ಹರಿಯಿತು ಅನ್ನುವುದೇ ಇಲ್ಲವಲ್ಲ!

ಒಂದು ಹೆಕ್ಟೇರಿನಿಂದ 1 ಮಿ.ಮೀ. ನೀರು ಬಸಿದರೆ 10,000 ಲೀಟರ್. ಮೊದಲ ಮಳೆಯನ್ನು ಬಹಳಷ್ಟು ನೆಲವೇ ಕುಡಿಯುತ್ತದೆ. 5 ಮಿ.ಮೀ. ಬಸಿಯಿತು ಅಂತಿಟ್ಟುಕೊಳ್ಳಿ. 90ರಂತೆ ನಾಲ್ಕೂವರೆ ಕಿಲೋ ನೈಟ್ರೇಟ್ ಹೋಯಿತು. ಆಮೇಲೆ 60 ಮಿ.ಮೀ. ಬಸಿದಿದ್ದರೆ, ಬರೀ 30ರಂತೆ ಹಿಡಿದರೂ 18 ಕಿಲೋ. ಅದರಲ್ಲಿರುವ ಸಾರಜನಕ ಸುಮಾರು 4 ಕಿಲೋ, ಹೆಚ್ಚುಕಡಿಮೆ 9 ಕಿಲೋ ಯೂರಿಯಾದಷ್ಟು. ನೀರು ತಿಳಿಯಾಯಿತು ಅಂದುಕೊಂಡಿರಿ, ನಷ್ಟ ನಾಲ್ಕು ಪಟ್ಟಾಗಿದೆ.

ಮೊದಲ ಮಳೆಗೆ ಅಷ್ಟು ಯಾಕೆ ಬಂತು? ಒಣ ದಿನಗಳಲ್ಲಿ ನೈಟ್ರೇಟ್ ಮಣ್ಣಲ್ಲೇ ಉಳಿದಿರುತ್ತದೆ, ಎಳೆದುಕೊಳ್ಳಲು ಬೆಳೆಯೂ ಇರುವುದಿಲ್ಲ. ನೆಲ ಒದ್ದೆಯಾದ ಕೂಡಲೇ ಸೂಕ್ಷ್ಮಜೀವಿಗಳು ಚುರುಕಾಗಿ ಇನ್ನಷ್ಟು ತಯಾರಿಸುತ್ತವೆ. ಜೇಡಿಮಣ್ಣಿನ ಕಣಕ್ಕೆ ಋಣ ವಿದ್ಯುದಂಶ, ನೈಟ್ರೇಟಿಗೂ ಅದೇ. ಹಾಗಾಗಿ ಮಣ್ಣು ಅದನ್ನು ಹಿಡಿದಿಡುವುದಿಲ್ಲ, ನೀರಿನ ಜೊತೆ ಇಳಿದುಹೋಗುತ್ತದೆ. ಸಾರಜನಕದ ಇನ್ನೊಂದು ರೂಪ ಅಮೋನಿಯಂ, ಅದಕ್ಕೆ ಧನ ವಿದ್ಯುದಂಶ, ಹಾಗಾಗಿ ಅಂಟಿಕೊಳ್ಳುತ್ತದೆ, ಆದರೆ ಬೆಚ್ಚಗಿನ ಮಣ್ಣಲ್ಲಿ ಅದೂ ಕೆಲವೇ ವಾರಗಳಲ್ಲಿ ನೈಟ್ರೇಟ್ ಆಗಿಬಿಡುತ್ತದೆ.

30ಕ್ಕೆ ಇಳಿದದ್ದು ಪೂರ್ತಿ ಮಳೆಯ ಕೆಲಸವಲ್ಲ. ಬೆಳೆ ಎಳೆದುಕೊಂಡ ಪಾಲೂ ಇರಬಹುದು. ನೀರು ನಿಂತ ಕಡೆ ಮಣ್ಣಿಗೆ ಗಾಳಿಯಾಡದೆ ಒಂದಿಷ್ಟು ಅನಿಲವಾಗಿ ಹೋಗಿರಲೂಬಹುದು.

ಜೋರು ಮಳೆಯ ಮುನ್ಸೂಚನೆ ಇದ್ದಾಗ ಮೇಲುಗೊಬ್ಬರ ಹಾಕಬೇಡಿ. ಒಂದೇ ಸಲ ಸುರಿಯದೆ ಕಂತು ಕಂತಾಗಿ ಕೊಡಿ. ಕೊಯ್ಲಾದ ಮೇಲೆ ನೆಲ ಬರಿದಾಗಿ ಬಿಡಬೇಡಿ, ಏನಾದರೂ ಹಸಿರು ಬೆಳೆಯಲಿ. ಇನ್ನು ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 50 ಮಿಲಿಗ್ರಾಂ ನೈಟ್ರೇಟ್ ಅಂತ ನೋಡಿ, ಈ 30ರ ನೀರನ್ನು ಕುದಿಸಿ ಕುಡಿಯಲು ಹೋಗಬೇಡಿ. ಬಸಿನೀರಲ್ಲಿ ಬೇರೆ ಏನೇನೋ ಇರುತ್ತದೆ. ಕುದಿಸಿದರೆ ನೈಟ್ರೇಟ್ ಹೋಗುವುದೂ ಇಲ್ಲ, ನೀರು ಆವಿಯಾಗಿ ಇನ್ನೂ ಗಾಢವಾಗುತ್ತದೆ.

ಮುಂದಿನ ಸಲ ಮಾದರಿ ತೆಗೆಯುವಾಗ ಒಂದು ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕು ಅಂತ ಬರೆದಿಡಿ, ಎಷ್ಟು ನೀರು ಹರಿಯುತ್ತಿದೆ ಅನ್ನುವುದು ಅದರಿಂದ ಗೊತ್ತಾಗುತ್ತದೆ. ಚೀಟಿಯಲ್ಲಿ ಇರುವುದು 'ನೈಟ್ರೇಟ್' ಅಂತಲೋ, 'ನೈಟ್ರೇಟ್ ಸಾರಜನಕ' ಅಂತಲೋ ಅದನ್ನೂ ನೋಡಿ. ಎರಡನೆಯದಾದರೆ ಅದು ನೈಟ್ರೇಟಿನೊಳಗಿನ ಸಾರಜನಕದ ತೂಕ ಮಾತ್ರ, ನೈಟ್ರೇಟ್ ಎಷ್ಟು ಅಂತ ತಿಳಿಯಲು ಸುಮಾರು 4.4ರಿಂದ ಗುಣಿಸಬೇಕು. ಆಗ ನಿಮ್ಮ 30 ಅಂದರೆ 130ಕ್ಕೂ ಜಾಸ್ತಿ.