ನಮ್ಮ ಓಣಿಯ ಪಾರ್ಕ್ ಯಾರದು?

ಈ ಸಲ ಬಂದ ಪತ್ರಗಳಲ್ಲಿ ಪಾರ್ಕಿನ ವಿಷಯವೇ ಜಾಸ್ತಿ. ಶಾಲೆಗಳಿಗೆ ರಜೆ ಅಲ್ವಾ, ಮಕ್ಕಳು ಮನೆಯಲ್ಲಿದ್ದಾರೆ, ಸಂಜೆ ಎಲ್ಲಿಗೆ ಕಳಿಸೋದು ಅನ್ನೋ ಪ್ರಶ್ನೆ ಎಲ್ಲರ ಮನೆಯಲ್ಲೂ ಇದೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವಕ್ಕೆ ಮಾತ್ರ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ನಮ್ಮ ಬಡಾವಣೆ ಆಗಿ ಹದಿನೈದು ವರ್ಷ ಆಯ್ತು. ಪಾರ್ಕಿನ ಜಾಗಕ್ಕೆ ತಂತಿ ಬೇಲಿ ಇದೆ, ಒಳಗೆ ಎದೆಮಟ್ಟ ಕಾಂಗ್ರೆಸ್ ಕಸ. ಒಂದು ಕಚೇರಿಗೆ ಹೋದರೆ ಇನ್ನೊಂದಕ್ಕೆ ಹೋಗಿ ಅಂತಾರೆ. ಅಲ್ಲಿಗೆ ಹೋದರೆ ಇನ್ನೂ ನಮಗೆ ಹಸ್ತಾಂತರ ಆಗಿಲ್ಲ ಅಂತಾರೆ. ನಾವು ಯಾರನ್ನು ಕೇಳಬೇಕು?
ನಿವೃತ್ತ ಶಿಕ್ಷಕರು, ಹುಬ್ಬಳ್ಳಿ

ಉತ್ತರ: ಸರ್, ನಿಮ್ಮ ಪತ್ರದಲ್ಲಿರುವ 'ಹಸ್ತಾಂತರ' ಅನ್ನೋ ಒಂದು ಶಬ್ದದಲ್ಲೇ ಅರ್ಧ ಉತ್ತರ ಇದೆ. ಓಣಿ ಪಾರ್ಕ್‌ಗಳು ಹಾಳಾಗೋದಕ್ಕೆ ದುಡ್ಡಿಲ್ಲದ್ದು ಒಂದೇ ಕಾರಣ ಅಲ್ಲ. ಆ ಜಾಗ ಯಾರ ಲೆಕ್ಕದಲ್ಲಿದೆ ಅನ್ನೋದೇ ಎಷ್ಟೋ ಕಡೆ ಇತ್ಯರ್ಥ ಆಗಿರೋದಿಲ್ಲ.

ಲೇಔಟ್ ನಕ್ಷೆಗೆ ಒಪ್ಪಿಗೆ ಕೊಡೋದು ನಗರಾಭಿವೃದ್ಧಿ ಪ್ರಾಧಿಕಾರ, ನಮ್ಮ ಅವಳಿ ನಗರದಲ್ಲಿ ಎಲ್ಲರೂ ಹುಡಾ ಅಂತ ಕರೆಯೋದು. ಲೇಔಟ್ ಮಾಡಿದವರು ರಸ್ತೆ, ಚರಂಡಿ, ಪಾರ್ಕಿನ ಜಾಗ ಎಲ್ಲವನ್ನೂ ಬರವಣಿಗೆಯಲ್ಲಿ ಬಿಟ್ಟುಕೊಡಬೇಕು. ಆಮೇಲೆ ಬಡಾವಣೆ ಪಾಲಿಕೆಗೆ ಹಸ್ತಾಂತರ ಆಗಬೇಕು. ಆಗ ಮಾತ್ರ ಪಾಲಿಕೆಯ ಲೆಕ್ಕದ ಪುಸ್ತಕಕ್ಕೆ ನಿಮ್ಮ ಪಾರ್ಕ್ ಸೇರುತ್ತದೆ, ನಿರ್ವಹಣೆಯ ಟೆಂಡರಿಗೆ ಬರುತ್ತದೆ, ಮಾಲಿ ಬರುತ್ತಾನೆ. ಈ ಸರಪಳಿಯಲ್ಲಿ ಒಂದು ಕೊಂಡಿ ಬಿಟ್ಟರೂ ಜಾಗ ಹಾಗೇ ಬಿದ್ದಿರುತ್ತದೆ. ನಿಮ್ಮದು ಎಲ್ಲಿ ಬಿಟ್ಟಿದೆ ಅಂತ ಮೊದಲು ಕಂಡುಹಿಡಿಯಿರಿ.

ಅದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಸಾಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದೊಳಗೆ. ಅದಕ್ಕೇ ಮನಸ್ಸಿನ ಸಿಟ್ಟೆಲ್ಲ ಬರೆಯಲು ಹೋಗಬೇಡಿ. ಪ್ರಾಧಿಕಾರಕ್ಕೆ ಒಂದು ಅರ್ಜಿ: ಮಂಜೂರಾದ ನಕ್ಷೆಯ ಪ್ರತಿ, ಪಾರ್ಕ್ ಬಿಟ್ಟುಕೊಟ್ಟ ಪತ್ರದ ಪ್ರತಿ, ಹಸ್ತಾಂತರದ ಪತ್ರದ ಪ್ರತಿ ಕೊಡಿ ಅಂತ. ಪಾಲಿಕೆಗೆ ಇನ್ನೊಂದು: ಈ ಪಾರ್ಕ್ ನಿಮ್ಮ ಪಟ್ಟಿಯಲ್ಲಿದೆಯೇ, ಇದ್ದರೆ ನಿರ್ವಹಣೆಯ ಕಾರ್ಯಾದೇಶದ ಪ್ರತಿ ಕೊಡಿ ಅಂತ. ಎರಡೂ ಕೈಗೆ ಬಂದ ಮೇಲೆ 'ಅಲ್ಲಿಗೆ ಹೋಗಿ' ಅಂತ ಹೇಳೋದು ಯಾರಿಗೂ ಅಷ್ಟು ಸುಲಭ ಆಗೋದಿಲ್ಲ.

ನಕ್ಷೆ ಬಂದಾಗ ಇನ್ನೊಂದನ್ನೂ ನೋಡಿ. ನೀವು ಪಾರ್ಕ್ ಅಂದುಕೊಂಡಿರೋದು ನಿಜಕ್ಕೂ ಪಾರ್ಕೋ, ಅಥವಾ ನಾವು ಸಿಎ ಸೈಟ್ ಅಂತೀವಲ್ಲ, ಆ ನಾಗರಿಕ ಸೌಲಭ್ಯದ ಜಾಗವೋ? ಸಿಎ ಸೈಟನ್ನು ಶಾಲೆಗೋ ಆಸ್ಪತ್ರೆಗೋ ಲೀಸಿಗೆ ಕೊಡಬಹುದು. ಪಾರ್ಕನ್ನು ಹಾಗೆ ಕೊಡೋ ಹಾಗಿಲ್ಲ.

ಪಾರ್ಕ್ ನೋಡಿಕೊಳ್ಳೋದು ಪಾಲಿಕೆಯ ಕೆಲಸವೇ ಅಲ್ಲ ಅಂತ ಯಾರಾದರೂ ಅಂದರೆ, ಸಂವಿಧಾನದ 12ನೇ ಅನುಸೂಚಿ ತೋರಿಸಿ. 1992ರ 74ನೇ ತಿದ್ದುಪಡಿಯಲ್ಲಿ ಬಂದದ್ದು. ನಗರ ಸಂಸ್ಥೆಗಳಿಗೆ ಕೊಡಬೇಕಾದ 18 ಕೆಲಸಗಳು ಅದರಲ್ಲಿವೆ. ಪಾರ್ಕು, ತೋಟ, ಆಟದ ಮೈದಾನ ಅದರಲ್ಲಿ 12ನೆಯದು.

ಪ್ರಶ್ನೆ: ನಮ್ಮ ಗಾರ್ಡನ್‌ಗೆ ಓಪನ್ ಜಿಮ್ ಹಾಕಿದರು, ಬಣ್ಣ ಹೊಡೆದರು. ಎರಡು ವರ್ಷಕ್ಕೆ ಜಿಮ್ ತುಕ್ಕು ಹಿಡಿದಿದೆ, ಜೋಕಾಲಿಯ ಸರಪಳಿ ಹರಿದಿದೆ, ಹುಲ್ಲು ಒಣಗಿದೆ. ಓಣಿಯವರೆಲ್ಲ ಸೇರಿ ಮನವಿ ಕೊಡಬೇಕು ಅಂತಿದ್ದೇವೆ. ಏನು ಕೇಳೋಣ?
ಗೃಹಿಣಿ, ಧಾರವಾಡ

ಉತ್ತರ: ಅಕ್ಕಾರೆ, ನೀರು ಕೇಳಿ, ಮಾಲಿ ಕೇಳಿ. ಹೊಸ ಜಿಮ್ ಕೇಳಬೇಡಿ.

ನಾನು ಚಿಕ್ಕವನಿದ್ದಾಗ ನಮ್ಮ ಮನೆ ಹತ್ತಿರ ಒಂದು ಸಣ್ಣ ಗಾರ್ಡನ್ ಇತ್ತು. ಅದರಲ್ಲಿ ಏನೂ ಇರಲಿಲ್ಲ, ನಾಲ್ಕು ಬೇವಿನ ಮರ, ಒಂದು ಜಾರುಬಂಡಿ, ಕುಳಿತುಕೊಳ್ಳೋಕೆ ಕಟ್ಟೆ. ಆದರೆ ಒಬ್ಬ ವಯಸ್ಸಾದ ಮಾಲಿ ಇದ್ದರು. ಬೆಳಿಗ್ಗೆ ಐದೂವರೆಗೆ ಬಾವಿ ನೀರು ಸೇದಿ ಪಾತಿಗೆ ಬಿಡೋರು, ನಾವು ಟೊಂಗೆ ಮುರಿದರೆ ನಮ್ಮ ಅಪ್ಪನ ಹೆಸರು ಹಿಡಿದು ಬೈಯೋರು. ಅವರು ನಿವೃತ್ತಿ ಆದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಎರಡು ಬೇಸಿಗೆ ಕಳೆಯೋದರಲ್ಲಿ ಗಾರ್ಡನ್ ಹೋಯ್ತು. ಆಮೇಲೆ ಅದಕ್ಕೆ ಎರಡು ಸಲ ಹೊಸ ಗೇಟು, ಹೊಸ ಬೆಂಚು ಬಂದದ್ದನ್ನು ನೋಡಿದ್ದೇನೆ. ಗಿಡ ಮಾತ್ರ ಬರಲಿಲ್ಲ. ಈಗಲೂ ಆ ಕಡೆ ಹೋದಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಹೊಸದಾಗಿ ಏನಾದರೂ ಕಟ್ಟೋದಕ್ಕೆ ಒಂದಲ್ಲ ಒಂದು ಯೋಜನೆಯಲ್ಲಿ ದುಡ್ಡು ಸಿಗುತ್ತದೆ, ಉದ್ಘಾಟನೆಯೂ ಆಗುತ್ತದೆ. ಕಟ್ಟಿದ್ದನ್ನು ದಿನಾ ನೋಡಿಕೊಳ್ಳೋ ದುಡ್ಡು ವರ್ಷ ವರ್ಷ ಪಾಲಿಕೆಯ ಬಜೆಟ್‌ನಿಂದಲೇ ಬರಬೇಕು, ಅಂದರೆ ನಿಮ್ಮ ನಮ್ಮ ತೆರಿಗೆಯಿಂದ. ಅದರ ಮೇಲೆ, ಉಣಕಲ್ ಕೆರೆ, ಇಂದಿರಾ ಗಾಜಿನ ಮನೆ, ನೃಪತುಂಗ ಬೆಟ್ಟ, ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಹೊಸದಾದ ತೋಳನಕೆರೆ, ನಿಮ್ಮ ಧಾರವಾಡದ ಸಾಧನಕೇರಿ, ಇವಕ್ಕೆ ಹೊರಗಿನಿಂದ ಜನ ಬರುತ್ತಾರೆ, ಹಾಗಾಗಿ ಎಲ್ಲರ ಕಣ್ಣೂ ಅಲ್ಲಿರುತ್ತದೆ. ಅವೂ ಬೇಕು. ಆದರೆ ಮೊಣಕಾಲು ನೋವಿನ ಅಜ್ಜಿ ಉಣಕಲ್ ಕೆರೆಗೆ ಹೋಗೋಕೆ ಆಗುತ್ತಾ? ಅವರಿಗೆ ಇರೋದು ಮನೆ ಮುಂದಿನ ಗಾರ್ಡನ್ ಒಂದೇ.

ನೀರಿನ ಮಾತಿಗೆ ಬರೋಣ. ಮಲಪ್ರಭೆಯಿಂದ, ನೀರಸಾಗರದಿಂದ ಬರೋ ನಳದ ನೀರಿಗೆ ನಾವೇ ದಿನ ಎಣಿಸಿಕೊಂಡು ಕಾಯೋ ಜನ, ಅದನ್ನು ಗಾರ್ಡನ್‌ಗೆ ಬಿಡಿ ಅಂತ ಕೇಳೋಕೆ ಮನಸ್ಸು ಬರೋದಿಲ್ಲ. ಬೋರ್‌ವೆಲ್ ಇದ್ದರೆ ಮೋಟರ್ ನಡೀತಿದೆಯಾ ನೋಡಿ, ಕರೆಂಟ್ ಬಿಲ್ ಯಾರು ಕಟ್ಟಬೇಕು ಅಂತ ಕೇಳಿ. ಎಷ್ಟೋ ಕಡೆ ಬೋರ್ ಇದ್ದೂ ಮೀಟರ್ ಇಲ್ಲದೆ ಗಿಡ ಒಣಗಿರುತ್ತವೆ. ಮಳೆಗಾಲದ ನೀರು ಇಂಗೋ ಹಾಗೆ ಗುಂಡಿ ಮಾಡಿಸಿ. ಹುಲ್ಲುಹಾಸಿನ ಆಸೆ ಸ್ವಲ್ಪ ಬಿಡಿ, ಅದು ದಿನಾ ನೀರು ಕುಡಿಯುತ್ತದೆ. ಹೊಂಗೆ, ಬೇವು ಮೊದಲ ಎರಡು ಮೂರು ಬೇಸಿಗೆ ದಾಟಿಸಿದರೆ ಆಮೇಲೆ ತಾವೇ ಬದುಕಿಕೊಳ್ಳುತ್ತವೆ, ನೆರಳೂ ಕೊಡುತ್ತವೆ.

ಹುಬ್ಬಳ್ಳಿ ಕಡೆಯವರಿಗೆ ಒಂದು ಮಾತು: ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ತಳಪಾಯ ಆಳ ಇಲ್ಲದಿದ್ದರೆ ವಾಕಿಂಗ್ ಟ್ರ್ಯಾಕ್ ಏಳುತ್ತದೆ, ಜೋಕಾಲಿಯ ಕಂಬ ಅಲುಗಾಡುತ್ತದೆ. ಕೆಲಸ ನಡೆಯುವಾಗಲೇ ನಿಂತು ನೋಡಿ.

ಮನವಿಯಲ್ಲಿ ಬರೆಯಿರಿ: ನಿರ್ವಹಣೆಯ ಗುತ್ತಿಗೆ ಯಾರಿಗೆ, ದಿನಕ್ಕೆ ಎಷ್ಟು ಮಾಲಿ, ವಾರಕ್ಕೆ ಎಷ್ಟು ಸಲ ನೀರು, ಇದನ್ನು ಗಾರ್ಡನ್ ಗೇಟಿನಲ್ಲಿ ಬೋರ್ಡ್ ಹಾಕಿ ಅಂತ. ವಲಯ ಕಚೇರಿಗೂ ನಿಮ್ಮ ಕಾರ್ಪೊರೇಟರ್‌ಗೂ ಒಂದೊಂದು ಪ್ರತಿ ಕೊಟ್ಟು, ನಿಮ್ಮ ಪ್ರತಿ ಮೇಲೆ ಸ್ವೀಕೃತಿಯ ಸಿಕ್ಕೆ ಹಾಕಿಸಿಕೊಳ್ಳಿ. ವಾರ್ಡ್ ಸಮಿತಿ ಅಂತ ಒಂದು ವ್ಯವಸ್ಥೆ ಕಾನೂನಿನಲ್ಲಿದೆ, ಕಾರ್ಪೊರೇಟರ್ ಅಧ್ಯಕ್ಷರು, ಹತ್ತು ಜನ ಸದಸ್ಯರು, ಅದರಲ್ಲಿ ಮೂವರು ಮಹಿಳೆಯರು ಇರಲೇಬೇಕು. 2021ರ ಚುನಾವಣೆಯ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ ಪಾಲಿಕೆಯಲ್ಲಿ 82 ವಾರ್ಡ್ ಇದ್ದವು. ನಿಮ್ಮ ವಾರ್ಡಿನಲ್ಲಿ ಸಮಿತಿ ಇದೆಯಾ ಕೇಳಿ. ಇದ್ದರೆ ನಿಮ್ಮ ಓಣಿಯ ಒಬ್ಬರು ಅದರಲ್ಲಿ ಇರಲಿ, ನೀವೇ ಯಾಕಾಗಬಾರದು?

ಪ್ರಶ್ನೆ: ಪಾರ್ಕಿನ ಮೂಲೆಯಲ್ಲಿ ಗುಡಿ ಕಟ್ಟಲು ಕೆಲವರು ಕಲ್ಲು ತಂದು ಹಾಕಿದ್ದಾರೆ. ಬೇಡ ಅಂದರೆ ದೇವರ ವಿರೋಧಿ ಅಂತಾರೆ. ಏನು ಮಾಡೋದು?
ಓದುಗ, ಗದಗ

ಉತ್ತರ: ಕಷ್ಟದ ಪ್ರಶ್ನೆ, ದಿನಾ ಮುಖ ನೋಡೋ ನೆರೆಹೊರೆಯವರ ವಿಷಯ. ಆದರೆ ಕಾನೂನು ಸ್ಪಷ್ಟ ಇದೆ. ಪಾರ್ಕು, ರಸ್ತೆ ಅಂಥ ಸಾರ್ವಜನಿಕ ಜಾಗದಲ್ಲಿ ಗುಡಿ, ಮಸೀದಿ, ಚರ್ಚು, ಗುರುದ್ವಾರ ಯಾವುದನ್ನೂ ಅನಧಿಕೃತವಾಗಿ ಹೊಸದಾಗಿ ಕಟ್ಟಲು ಬಿಡಬಾರದು ಅಂತ ಸುಪ್ರೀಂ ಕೋರ್ಟ್ 2009ರಲ್ಲೇ ಆದೇಶ ಕೊಟ್ಟಿದೆ. ಪಾರ್ಕು, ಆಟದ ಮೈದಾನ, ಬಯಲು ಜಾಗ ಕಾಪಾಡೋಕೆ ಅಂತಲೇ ನಮ್ಮ ರಾಜ್ಯದಲ್ಲಿ 1985ರ ಒಂದು ಕಾಯ್ದೆಯೂ ಇದೆ.

ಬೆಂಗಳೂರಿನಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅವರೇ ಗೆದ್ದರು. ಮುಖ್ಯಮಂತ್ರಿಗಳ ಆದೇಶ ಇದ್ದರೂ ಆ ಜಾಗ ಕೊಟ್ಟಿದ್ದು ನಿಲ್ಲಲಿಲ್ಲ. ಅವರೂ ನಮ್ಮ ನಿಮ್ಮಂಥ ಓಣಿಯ ಜನವೇ.

ಹಾಗಂತ ನೀವೊಬ್ಬರೇ ಹೋಗಿ ಜಗಳಕ್ಕೆ ನಿಲ್ಲಬೇಡಿ. ಓಣಿಯ ಹಿರಿಯರನ್ನು ಕೂಡಿಸಿ ಮಾತಾಡಿ. ಅಡಿಪಾಯ ಬೀಳೋ ಮುಂಚೆಯೇ ಫೋಟೊ ತೆಗೆದು ನಗರಸಭೆಯ ಪೌರಾಯುಕ್ತರಿಗೆ ಲಿಖಿತ ದೂರು ಕೊಡಿ. ಗೋಡೆ ಎದ್ದ ಮೇಲೆ ಎಲ್ಲರಿಗೂ ಕಷ್ಟ.

ಪ್ರಶ್ನೆ: ನಮ್ಮ ಪಾರ್ಕಿಗೆ ಬೆಳಿಗ್ಗೆ ಹತ್ತಕ್ಕೆ ಬೀಗ ಹಾಕಿದರೆ ಸಂಜೆ ಐದಕ್ಕೇ ತೆಗೆಯೋದು. ರಜೆಯಲ್ಲಾದರೂ ಮಧ್ಯಾಹ್ನ ತೆಗೆಯಬಾರದೇ?
ಇಬ್ಬರು ಮಕ್ಕಳ ತಾಯಿ, ಹಾವೇರಿ

ಉತ್ತರ: ತೆಗೆಯಬೇಕು ತಂಗಿ. ಮರದ ನೆರಳು ಬೇಕಾಗೋದೇ ಆ ಹೊತ್ತಿಗೆ. ಬೀಗ ಹಾಕೋದು ಸಾಮಾನ್ಯವಾಗಿ ಕಾವಲಿಗೆ ಜನ ಇಲ್ಲ, ಒಳಗೆ ಕುಡಿಯೋಕೆ ಬಂದು ಕೂರುತ್ತಾರೆ ಅನ್ನೋ ಕಾರಣಕ್ಕೆ. ಅದು ಸುಳ್ಳಲ್ಲ. ಆದರೆ ಜನ ಇರೋ ಪಾರ್ಕಿಗೆ ಅಂಥವರು ಬರೋದು ಕಡಿಮೆ. ಹತ್ತು ತಾಯಂದಿರು ಸಹಿ ಹಾಕಿ, ರಜೆ ಮುಗಿಯೋವರೆಗೆ ಹನ್ನೆರಡರಿಂದ ತೆಗೆದಿಡಿ, ಮಕ್ಕಳ ಜೊತೆ ದಿನಾ ಇಬ್ಬರು ದೊಡ್ಡವರು ಇರುತ್ತೇವೆ ಅಂತ ನಗರಸಭೆಗೆ ಬರೆದುಕೊಡಿ. ಕೊಟ್ಟ ಮಾತಿನಂತೆ ಇಬ್ಬರು ಇರಿ. ಏನಾಯ್ತು ಅಂತ ನಮಗೂ ಬರೆಯಿರಿ, ಬೇರೆ ಊರಿನ ತಾಯಂದಿರೂ ಇದನ್ನೇ ಕೇಳುತ್ತಿದ್ದಾರೆ.