ಹೊಸ ಬ್ಯಾಗಿಗೂ ಊರಿಗೆ ಲೆಕ್ಕ ಕೊಡಬೇಕಾ?

ಪ್ರಶ್ನೆ: ಮೂಡಿಗೆರೆ ಹತ್ತಿರದ ಸಣ್ಣ ಪೇಟೆ ನಮ್ಮದು. ನನ್ನ ಯಜಮಾನರು ತೋಟದ ಕೂಲಿ. ಫೆಬ್ರವರಿಯಲ್ಲಿ ಮೆಣಸು ಕೊಯ್ಯುವಾಗ ಏಣಿ ಜಾರಿ ಬಿದ್ದು ಬೆನ್ನುಮೂಳೆಗೆ ಪೆಟ್ಟಾಯಿತು. ಆಟೋ ಸ್ಟ್ಯಾಂಡಿನವರೇ ಎತ್ತಿಕೊಂಡು ಮಂಗಳೂರಿಗೆ ಸೇರಿಸಿದರು, ಬೀದಿಯವರು ಹಣ ಕೂಡಿಸಿದರು. ಪಕ್ಕದ ಮನೆ ಅಕ್ಕ ಇವತ್ತಿಗೂ ಕ್ಯಾರಿಯರ್‌ನಲ್ಲಿ ಊಟ ತರುತ್ತಾರೆ. ಆದರೆ ಇವರ ಬ್ಯಾಂಡೇಜಿನ ಫೋಟೊ ಹುಡುಗರ ವಾಟ್ಸಾಪ್‌ ಸ್ಟೇಟಸ್‌ನಲ್ಲೆಲ್ಲ ಓಡಾಡಿದ ಮೇಲೆ ಇವರು "ಹಂಗಿನ ಊಟ ಬೇಡ" ಎಂದು ತಟ್ಟೆ ದೂಡುತ್ತಾರೆ. ಮಗಳಿಗೆ ಶಾಲೆ ಬ್ಯಾಗ್ ಕೊಂಡಿದ್ದಕ್ಕೆ ಸಂಘದ ಒಬ್ಬರು "ಪರವಾಗಿಲ್ವೇ, ಹೊಸ ಬ್ಯಾಗು!" ಅಂದರು. ಇನ್ನೊಂದು ಆಪರೇಷನ್ ಆಗಬೇಕಂತೆ, ಹುಡುಗರು ಮತ್ತೆ ಹಣ ಎತ್ತುತ್ತೇವೆ ಎನ್ನುತ್ತಿದ್ದಾರೆ. ಫೈನಾನ್ಸಿನಲ್ಲಿ ಸಾಲ ಮಾಡಿ ಎಲ್ಲರ ದುಡ್ಡೂ ವಾಪಸ್ ಕೊಟ್ಟುಬಿಡೋಣವೇ? ತೋಟದ ಸಾಹುಕಾರರು ಮಾತ್ರ ಕೈಬಿಡಲಿಲ್ಲ, ಇಪ್ಪತ್ತು ಸಾವಿರ ಕೊಟ್ಟರು. 2019ರ ಮಳೆಯಲ್ಲಿ ಗುಡ್ಡ ಕುಸಿದಾಗ ಮನೆಗೂ ಬಾರದೆ ಬೇರೆಯವರ ಸಾಮಾನು ಹೊತ್ತ ಮನುಷ್ಯ ಇವರು. ಈಗ ಗೋಡೆ ಕಡೆ ತಿರುಗಿ ಮಲಗುತ್ತಾರೆ.

ಉತ್ತರ: ತಂಗಿ, ಮೊದಲು ಸಾಲದ ಮಾತು. ಬೇಡವೇ ಬೇಡ. ವಾಪಸ್ ಕೇಳದ ದುಡ್ಡನ್ನು ವಾರದ ಕಂತಿನ ಸಾಲ ಮಾಡಿ ತೀರಿಸುವುದು ಈಗ ನಿಮಗೆ ಮರ್ಯಾದೆಯ ಕೆಲಸ ಅನಿಸುತ್ತಿದೆ. ಒಂದು ಕಂತು ತಪ್ಪಲಿ, ಬಾಗಿಲಿಗೆ ಬಂದು ನಿಲ್ಲುವವನು ನಿಮ್ಮ ಮರ್ಯಾದೆಯನ್ನು ಬೀದಿಯಲ್ಲೇ ಹರಾಜು ಹಾಕುತ್ತಾನೆ. ಇಂಥ ವಸೂಲಿಯ ಕಿರುಕುಳ ತಾಳಲಾರದೆ ಜನ ಊರು ಬಿಟ್ಟು ಹೋಗುವಂತಾಗಿ, 2025ರಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅಲ್ಲದೆ ನೀವು ನೋಟು ಹಿಡಿದು ಬಾಗಿಲಿಗೆ ಹೋದರೆ ಕೊಟ್ಟವರ ಮುಖ ಹೇಗಾದೀತು, ಯೋಚಿಸಿ.

ನಾಟಿಗೆ ಮುಯ್ಯಾಳು ಹೋಗುವುದನ್ನು ನೀವೂ ಕಂಡಿದ್ದೀರಿ. ಅವರ ಗದ್ದೆಗೆ ನಾವು ಹೋದರೆ ನಮ್ಮ ಗದ್ದೆ ಹದಕ್ಕೆ ಬಂದಾಗ ಅವರು ಬರುತ್ತಾರೆ. ಅದೇ ಸಂಜೆ ಕೂಲಿ ಎಣಿಸಿ ಕೈಗಿಟ್ಟರೆ "ನಿಮ್ಮ ಸಹವಾಸ ಸಾಕು" ಅಂದಂತೆ. ನಿಮ್ಮ ಯಜಮಾನರು 2019ರಲ್ಲೇ ಹೋಗಿ ಬಂದಿದ್ದಾರೆ. ನೀವು ಅದನ್ನು ಕಾಗದದ ಕೊನೆಯಲ್ಲಿ ಸುಮ್ಮನೆ ಬರೆದಿದ್ದೀರಿ, ಊರಿನವರು ಅಷ್ಟು ಸುಲಭಕ್ಕೆ ಮರೆತಿರಲಿಕ್ಕಿಲ್ಲ.

ಇನ್ನು ಅವರ ಸಿಟ್ಟು. ನಿಮ್ಮ ಕಾಗದವನ್ನು ಎರಡನೇ ಸಲ ಓದಿದಾಗ ನನಗೆ ಹೊಳೆದದ್ದು, ಫೋಟೊ ಓಡಾಡುವ ತನಕ ಅವರು ಅಕ್ಕ ತಂದ ಊಟ ಉಣ್ಣುತ್ತಿದ್ದರು. ಹಾಗಾದರೆ ಜಗಳ ಊಟದ ಮೇಲಲ್ಲ. ಚಡ್ಡಿ ಬನಿಯನ್ನಿನಲ್ಲಿ, ಕೈಗೆ ಡ್ರಿಪ್ ಚುಚ್ಚಿಸಿಕೊಂಡು ಮಲಗಿದ್ದ ತನ್ನ ಚಿತ್ರವನ್ನು ಜೊತೆಗೆ ಮೆಣಸು ಕೊಯ್ದವರೆಲ್ಲ ಬೆರಳಲ್ಲಿ ಸರಿಸಿ ನೋಡಿದರಲ್ಲ, ಅದು ಅವರಿಗೆ ಏಣಿಯಿಂದ ಬಿದ್ದದ್ದಕ್ಕಿಂತ ಜೋರಾಗಿ ತಾಗಿದೆ. ಹುಡುಗರ ಮನಸ್ಸು ಒಳ್ಳೆಯದೇ, ಅನುಮಾನವಿಲ್ಲ. ಆದರೆ ಕೇಳಿ ತೆಗೆಯಬೇಕಿತ್ತು. (ಈಗಿನ ಸಹಾಯವೆಲ್ಲ ಫೋಟೊದಿಂದಲೇ ಶುರುವಾಗಬೇಕೆಂಬ ರೋಗ ಹಾಸನ, ಚಿಕ್ಕಮಗಳೂರು ಎರಡೂ ಕಡೆ ಹಬ್ಬಿದೆ. ಒಂದು ಕಂಬಳಿ ಕೊಡಲು ಆರು ಜನ ಸಾಲಾಗಿ ನಿಂತು ಕ್ಯಾಮೆರಾ ನೋಡುತ್ತಾರೆ.) ಆ ಹುಡುಗರಲ್ಲಿ ನಿಮಗೆ ಸಲಿಗೆ ಇರುವವನನ್ನು ಮನೆಗೆ ಕರೆಯಿರಿ. ಯಜಮಾನರ ಎದುರಿಗೇ ಹೇಳಿ: "ಹಳೇ ಫೋಟೊ ಅಳಿಸಿಬಿಡ್ರಪ್ಪ. ಇನ್ನು ಮುಂದೆ ಏನೇ ಹಾಕುವುದಿದ್ದರೂ ಇವರನ್ನು ಕೇಳಿ ಹಾಕಿ." ಆ ಮಾತು ಅವರ ಕಿವಿಗೆ ಬೀಳುವುದು ಮುಖ್ಯ. ಬಂದ ಹಣದ ಪುಸ್ತಕವನ್ನೂ ಅವರ ಕೈಗೇ ಕೊಡಿ. ಬೆನ್ನು ಮುರಿದಿದೆ, ತಲೆ ನೆಟ್ಟಗಿದೆ. ಯಾರು ಎಷ್ಟು ಕೊಟ್ಟರು, ಯಾವುದಕ್ಕೆ ಹೋಯಿತು ಎಂದು ಅವರೇ ಬರೆದಿಡಲಿ.

ಅಕ್ಕನ ಊಟಕ್ಕೂ ಒಂದು ಮಿತಿ ಹೇಳಿ, ಅವರಿಗೂ ಮನೆ ಮಕ್ಕಳು ಇದ್ದಾರೆ. "ಆಸ್ಪತ್ರೆಗೆ ಹೋಗುವ ದಿನ ಮಾತ್ರ ತನ್ನಿ ಅಕ್ಕ, ಉಳಿದ ದಿನ ಒಲೆ ಹಚ್ಚುತ್ತೇನೆ" ಎಂದರೆ ಯಾರಿಗೂ ಬೇಜಾರಾಗದು. ಕ್ಯಾರಿಯರ್ ವಾಪಸ್ ಕೊಡುವಾಗ ಹಿತ್ತಲ ಕೆಸುವೋ, ನಾಲ್ಕು ನಿಂಬೆಯೋ ಹಾಕಿ ಕೊಡುವುದು ನಿಮಗೆ ನಾನು ಹೇಳಿಕೊಡಬೇಕಿಲ್ಲ.

ಬ್ಯಾಗಿನ ಮಾತಿಗೆ ಹೆಚ್ಚು ಹೊತ್ತು ಬೇಡ. ಸರ್ಕಾರಿ ಶಾಲೆಯಲ್ಲಿ ಪುಸ್ತಕ, ಸಮವಸ್ತ್ರ ಕೊಡುತ್ತಾರೆ, ಬ್ಯಾಗ್ ನಾವೇ ಕೊಳ್ಳಬೇಕು. ಮತ್ತೆ ಕೇಳಿದರೆ "ಹೌದಕ್ಕ, ಹಳೇದು ಹರಿದಿತ್ತು" ಎನ್ನಿ, ಅಲ್ಲಿಗೆ ನಿಲ್ಲಿಸಿ. ಬೆಲೆ ಹೇಳಬೇಡಿ. ಬೀದಿ ತುಂಬ ಜನ ಕೈ ಹಿಡಿದಿರುವಾಗ ಒಬ್ಬಳ ಕೊಂಕಿಗೆ ಇಷ್ಟು ಕಣ್ಣೀರು ದಂಡ.

ನಿಮ್ಮ ಮೇಲೆ ನನಗೆ ಸಿಟ್ಟು ಬಂದ ಜಾಗ ಬೇರೆಯದು. ನೂರು ಇನ್ನೂರು ಕೊಟ್ಟವರ ಮುಂದೆ ತಲೆ ತಗ್ಗಿಸಿ ನಡೆಯುತ್ತೀರಿ, "ಸಾಹುಕಾರರು ಕೈಬಿಡಲಿಲ್ಲ" ಎಂದು ಹೊಗಳುತ್ತೀರಿ. ಅವರ ತೋಟದಲ್ಲಿ, ಅವರ ಬೆಳೆ ಕೊಯ್ಯುವಾಗ ಬಿದ್ದದ್ದು. ಕೆಲಸ ಮಾಡುವಾಗ ಪೆಟ್ಟಾದರೆ ಕೆಲಸ ಕೊಟ್ಟವರು ಪರಿಹಾರ ಕೊಡಬೇಕೆಂಬ ಕಾನೂನು ಈ ದೇಶದಲ್ಲಿ 1923ರಲ್ಲೇ ಬಂದಿದೆ. ದಿನಗೂಲಿ ಎಂದೋ, ಮೇಸ್ತ್ರಿ ಕರೆದುಕೊಂಡು ಹೋದದ್ದು ಎಂದೋ ಮಾಲೀಕರು ಜಾರಿಕೊಳ್ಳುವಂತಿಲ್ಲ. ಎಷ್ಟು ಎಂಬುದು ವಯಸ್ಸು, ಕೂಲಿ, ದುಡಿಮೆಯ ಶಕ್ತಿ ಎಷ್ಟು ಹೋಯಿತು ಎಂಬುದರ ಮೇಲೆ ನಿರ್ಧಾರವಾಗುತ್ತದೆ. ಆ ಇಪ್ಪತ್ತು ಸಾವಿರಕ್ಕೆ ಥ್ಯಾಂಕ್ಸ್ ಹೇಳಿ, ಆದರೆ ಬಾಕಿ ಚುಕ್ತಾ ಆಯಿತೆಂದು ತೋಟದ ಲೆಕ್ಕ ಬರೆಯುವ ರೈಟರ್ ಕಾಗದ ತಂದರೆ ಸಹಿ ಹಾಕಬೇಡಿ.

ಎರಡನೇ ಆಪರೇಷನ್ನಿಗೆ ಹುಡುಗರು ಹುಂಡಿ ಹಿಡಿಯುವ ಮುಂಚೆ ರೇಷನ್ ಕಾರ್ಡ್, ಆಧಾರ್ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಹೋಗಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಇದೆ. ತುರ್ತಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ಅದಿಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಹೋದರೆ ಬಿಲ್ ನಿಮ್ಮ ತಲೆ ಮೇಲೆ. ನಡೆಯುವುದು ಕಷ್ಟವಾಗಿಯೇ ಉಳಿದರೆ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್ ಮಾಡಿಸಿ. ಹುಡುಗರಿಗೆ ಉತ್ಸಾಹವಿದ್ದರೆ ಚಾರ್ಮಾಡಿ ದಾಟುವ ಗಾಡಿ ಬಾಡಿಗೆ, ಅಲ್ಲಿ ಜೊತೆಗೆ ಉಳಿಯುವವರ ಊಟದ ಖರ್ಚು ನೋಡಿಕೊಳ್ಳಲಿ. ಯೋಜನೆಯ ಕಾರ್ಡ್ ಅದಕ್ಕೆಲ್ಲ ಬರುವುದಿಲ್ಲ.

ಪರಿಹಾರದ ಅರ್ಜಿಗೆ ಬಿದ್ದ ದಿನದಿಂದ ಎರಡು ವರ್ಷದ ಗಡುವಿದೆ. ಅಷ್ಟು ದಿನ ಎಳೆಯಬೇಡಿ. ಮೂಡಿಗೆರೆ ಕೋರ್ಟಿನಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಹೋಗಲಾಗದಿದ್ದರೆ 15100ಕ್ಕೆ ಫೋನ್ ಮಾಡಿ. ಹೋಗುವ ದಿನ ಆಸ್ಪತ್ರೆ ಚೀಟಿಗಳ ಜೊತೆ ಆ ಆಟೋದವರನ್ನೂ ಕರೆದುಕೊಂಡು ಹೋಗಿ. ತೋಟದಿಂದ ಎತ್ತಿಕೊಂಡು ಬಂದವರು ಅವರೇ, ಸಾಕ್ಷಿಗೆ ಬೇಕಾಗುತ್ತಾರೆ.